ಬೈಕಿನ ಆಯಿಲ್ ಫಿಲ್ಟರ್: ಆಯಿಲ್ ದಾರಿಯ ಮೂರು ವಾಲ್ವ್‌ಗಳು, ಬದಲಿಸುವ ಕ್ರಮ, ಎಡವುವ ಜಾಗಗಳು

ಹೊಸ ಫಿಲ್ಟರ್ ಹಾಕಿಸಿದ ವಾರದೊಳಗೆ ಎಂಜಿನ್ ಸೀಜ್ ಆಗುವುದುಂಟು. ಹಳೇ ಫಿಲ್ಟರನ್ನೇ ಇನ್ನೊಂದು ಸಾವಿರ ಕಿಲೋಮೀಟರ್ ಓಡಿಸಿದ್ದರೂ ಆ ಎಂಜಿನ್‌ಗೆ ಏನೂ ಆಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಕಾರಣ ಚಿಕ್ಕದಿರುತ್ತದೆ: ಫಿಲ್ಟರ್ ಹಿಂದುಮುಂದಾಗಿ ಕೂತಿದೆ, ಸ್ಪ್ರಿಂಗ್ ಟ್ರೇನಲ್ಲೇ ಉಳಿದಿದೆ, ಇಲ್ಲವೇ ಹಳೇ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ತೆಗೆಯದೆ ಅದರ ಮೇಲೇ ಹೊಸದನ್ನು ಕೂರಿಸಿದ್ದಾರೆ. ಆಯಿಲ್ ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯಲ್ಲಿ ಯಾವ ವಾಲ್ವ್ ಎಲ್ಲಿದೆ ಎಂದು ಗೊತ್ತಿದ್ದವರು ಈ ತಪ್ಪು ಮಾಡುವುದಿಲ್ಲ. ಹಾಗಾಗಿ ಮೊದಲು ದಾರಿ ನೋಡೋಣ, ಸ್ಪ್ಯಾನರ್ ಆಮೇಲೆ.

ನಿಮ್ಮ ಬೈಕಿನಲ್ಲಿ ಇರುವುದು ಯಾವ ಫಿಲ್ಟರ್?

"ಆಯಿಲ್ ಫಿಲ್ಟರ್ ಕೊಡಿ" ಎಂದು ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೈಕಿಗೆ ಅದು ಇದೆಯೇ ನೋಡಿಕೊಳ್ಳಿ. ಹೀರೋ ಸ್ಪ್ಲೆಂಡರ್‌ನಂಥ 100 ಸಿಸಿ ಗಾಡಿಗಳಲ್ಲಿ ಬದಲಿಸುವ ಪೇಪರ್ ಫಿಲ್ಟರ್ ಇರುವುದಿಲ್ಲ. ಅಲ್ಲಿ ಕೆಳಗೊಂದು ತಂತಿಜಾಲರಿ, ಕ್ರ್ಯಾಂಕ್‌ನ ಬಲತುದಿಯಲ್ಲಿ ಒಂದು ತಿರುಗುವ ಬಟ್ಟಲು. ಕ್ರ್ಯಾಂಕ್ ಜೊತೆಗೇ ಈ ಬಟ್ಟಲೂ ಗಿರಕಿ ಹೊಡೆಯುತ್ತದೆ. ಲೋಹದ ಕಣ, ಕ್ಲಚ್ ಪುಡಿಯಂಥ ಭಾರದ ಕಸ ಹೊರಗೋಡೆಗೆ ಬಡಿದು ಅಂಟಿಕೊಳ್ಳುತ್ತದೆ, ನಡುವಿನ ಶುಭ್ರ ಆಯಿಲ್ ಕ್ರ್ಯಾಂಕ್ ಒಳಕ್ಕೆ ಹೋಗುತ್ತದೆ. ಇದರಲ್ಲಿ ಬೈಪಾಸ್ ವಾಲ್ವ್ (ಪೇಪರ್ ಕಟ್ಟಿಕೊಂಡಾಗ ಆಯಿಲ್‌ಗೆ ಬಳಸುದಾರಿ ತೆರೆಯುವ ವಾಲ್ವ್) ಬೇಕಾಗಿಲ್ಲ, ಏಕೆಂದರೆ ಇಲ್ಲಿ ಕಟ್ಟಿಕೊಳ್ಳುವ ಪೇಪರೇ ಇಲ್ಲ. ಆದರೆ ಗೋಡೆಗೆ ಅಂಟಿದ ಕೆಸರನ್ನು ಕಾಲಕಾಲಕ್ಕೆ ಕೆರೆದು ತೆಗೆಯಬೇಕು. ಅದಕ್ಕೆ ಕ್ಲಚ್ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು. ಈ ಮಾದರಿಯ ಹೋಂಡಾ ಎಂಜಿನ್‌ಗಳಿಗೆ ಕಂಪನಿ ಮ್ಯಾನುಯಲ್ ಹೇಳುವ ಅಂತರ ಸಾಮಾನ್ಯವಾಗಿ 12,000 ಕಿಮೀ. ಆಯಿಲ್ ಮಾತ್ರ ಬದಲಿಸುತ್ತಾ ಈ ಬಟ್ಟಲನ್ನು ಒಮ್ಮೆಯೂ ತೆರೆಯದೆ ವರ್ಷಗಟ್ಟಲೆ ಓಡಿದ ಗಾಡಿಗಳೇ ನಮ್ಮಲ್ಲಿ ಹೆಚ್ಚು.

ಪಲ್ಸರ್, ಕೆಟಿಎಂ ಡ್ಯೂಕ್, ಎನ್‌ಫೀಲ್ಡ್‌ನ ಯುಸಿಇ 350 (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್, ಹಿಮಾಲಯನ್ 411 ಇಂಥವುಗಳಲ್ಲಿ ಇರುವುದು ಕಾರ್ಟ್ರಿಡ್ಜ್. ಎಂಜಿನ್ ಪಕ್ಕದ ಒಂದು ಗೂಡಿನೊಳಗೆ ಮಡಿಕೆ ಮಡಿಕೆಯಾದ ಪೇಪರಿನ ಉರುಳೆ, ಮೇಲೆ ಎರಡು ಮೂರು ಬೋಲ್ಟಿನ ಕವರ್. ಕವಾಸಾಕಿ ನಿಂಜಾ 300, ಇಂಟರ್‌ಸೆಪ್ಟರ್ 650 ಇವುಗಳಲ್ಲಿರುವುದು ಸ್ಪಿನ್-ಆನ್, ಅಂದರೆ ಕಾರಿನಲ್ಲಿರುವಂತೆ ತಗಡಿನ ಡಬ್ಬಿ. ಪೇಪರ್, ವಾಲ್ವ್, ಸ್ಪ್ರಿಂಗ್ ಎಲ್ಲ ಡಬ್ಬಿಯೊಳಗೇ. ಹಳೇ ಕಾಸ್ಟ್ ಐರನ್ ಬುಲೆಟ್‌ನದು ಫೆಲ್ಟ್ ಬಟ್ಟೆಯ ಫಿಲ್ಟರ್. ಅದರ ಲೆಕ್ಕವೇ ಬೇರೆ, ಇಲ್ಲಿ ಬಿಟ್ಟಿದ್ದೇವೆ.

ಆಯಿಲ್ ನಡೆಯುವ ದಾರಿ

ತಳದ ಆಯಿಲ್ ಜಾಲರಿ ದಾಟಿ ಪಂಪಿಗೆ ಬರುತ್ತದೆ. ಪಂಪ್ ಒತ್ತಿ ಕೊಟ್ಟ ಆಯಿಲ್ ಫಿಲ್ಟರಿನ ಹೊರಮೈಗೆ ಬರುತ್ತದೆ, ಪೇಪರ್ ದಾಟಿ ನಡುವಿನ ಕೊಳವೆಗೆ ಇಳಿಯುತ್ತದೆ, ಅಲ್ಲಿಂದ ಕ್ರ್ಯಾಂಕ್, ಕ್ಯಾಮ್, ಗೇರ್‌ಬಾಕ್ಸ್ ಕಡೆಗೆ ಹೊರಡುತ್ತದೆ. ಹೊರಗಿನಿಂದ ಒಳಕ್ಕೆ ಎಂಬ ಈ ಕ್ರಮ ನೆನಪಿರಲಿ. ಫಿಲ್ಟರ್ ಹಿಂದುಮುಂದಾದರೆ ಏನಾಗುತ್ತದೆ ಎಂಬುದು ಇದರಿಂದಲೇ ತಿಳಿಯುವುದು.

ಕಾರಿಗೂ ಬೈಕಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗೇರ್ ಹಲ್ಲುಗಳಿಂದ ಉದುರುವ ಲೋಹ, ಕ್ಲಚ್ ಪ್ಲೇಟಿನ ಪುಡಿ ಎಲ್ಲವೂ ಅದೇ ಫಿಲ್ಟರಿಗೆ ಬರುತ್ತವೆ. ಬೈಕಿಗೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ದರ್ಜೆಯ ಆಯಿಲ್ ಬೇಕು ಎನ್ನುವುದೂ ಇದೇ ಕಾರಣಕ್ಕೆ: ಕಾರಿನ ಕೆಲವು ಆಯಿಲ್‌ಗಳಲ್ಲಿರುವ ಘರ್ಷಣೆ ತಗ್ಗಿಸುವ ರಾಸಾಯನಿಕ ಕ್ಲಚ್ಚನ್ನು ಜಾರಿಸುತ್ತದೆ.

ಮೂರು ವಾಲ್ವ್, ಮೂರು ಬೇರೆ ಕೆಲಸ

ಈ ಮೂರನ್ನು ಒಂದಕ್ಕೊಂದು ಕಲಸಿಕೊಳ್ಳುವವರೇ ಹೆಚ್ಚು. ಒಳ್ಳೇ ಮೆಕ್ಯಾನಿಕ್‌ಗಳ ಬಾಯಲ್ಲೂ ಬೈಪಾಸ್, ರಿಲೀಫ್ ಎರಡೂ ಒಂದೇ ಆಗಿಬಿಟ್ಟಿರುತ್ತವೆ.

ಬೈಪಾಸ್ ವಾಲ್ವ್ ಫಿಲ್ಟರಿಗೆ ಸಂಬಂಧಿಸಿದ್ದು. ಇದು ನೋಡುವುದು ಒಟ್ಟು ಒತ್ತಡವನ್ನಲ್ಲ, ಪೇಪರಿನ ಆಚೆಈಚೆಯ ಒತ್ತಡದ ವ್ಯತ್ಯಾಸವನ್ನು. ಉದಾಹರಣೆಗೆ ಪೇಪರಿಗೆ ಮುಂಚೆ 4 ಬಾರ್ (ಬಾರ್ ಎಂದರೆ ಒತ್ತಡದ ಅಳತೆ), ದಾಟಿದ ಮೇಲೆ 3.8 ಬಾರ್ ಇದೆ ಅಂದುಕೊಳ್ಳಿ. ವ್ಯತ್ಯಾಸ 0.2 ಮಾತ್ರ, ವಾಲ್ವ್ ಮುಚ್ಚಿಯೇ ಇರುತ್ತದೆ. ಪೇಪರ್ ಕಸದಿಂದ ಕಟ್ಟಿಕೊಂಡರೆ, ಅಥವಾ ಚಳಿಗೆ ಆಯಿಲ್ ಮಂದವಾಗಿದ್ದು ಪೇಪರ್ ದಾಟಲಾರದಿದ್ದರೆ ಈ ವ್ಯತ್ಯಾಸ ಏರುತ್ತದೆ. ಸಾಮಾನ್ಯವಾಗಿ 1 ಬಾರ್ ಆಸುಪಾಸಿನಲ್ಲಿ, ಮಾದರಿಗೆ ತಕ್ಕಂತೆ ಹೆಚ್ಚುಕಡಿಮೆ, ಸ್ಪ್ರಿಂಗ್ ಸೋತು ವಾಲ್ವ್ ತೆರೆಯುತ್ತದೆ. ಆಗ ಆಯಿಲ್ ಪೇಪರನ್ನು ತಪ್ಪಿಸಿ ನೇರ ಬೇರಿಂಗಿಗೆ ಹೋಗುತ್ತದೆ. ಸೋಸದ ಆಯಿಲ್ ಬೇರಿಂಗನ್ನು ನಿಧಾನಕ್ಕೆ ಸವೆಸುತ್ತದೆ, ಆಯಿಲ್ ಇಲ್ಲದಿದ್ದರೆ ಬೇರಿಂಗ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ತಯಾರಕರು ಮೊದಲನೆಯದನ್ನೇ ಆರಿಸಿದ್ದಾರೆ.

ಇದರಿಂದ ಓಡಿಸುವವರಿಗೆ ತಿಳಿಯಬೇಕಾದ್ದೊಂದಿದೆ. ಚಿಕ್ಕಮಗಳೂರು, ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ 20ಡಬ್ಲ್ಯು50 ದರ್ಜೆಯ ಮಂದ ಆಯಿಲ್ ತುಂಬಿದ ಗಾಡಿಯನ್ನು ಸ್ಟಾರ್ಟ್ ಮಾಡಿ ಕೂಡಲೇ ಆಕ್ಸಿಲರೇಟರ್ ತಿರುವಿದರೆ ಬೈಪಾಸ್ ತೆರೆಯುವ ಸಾಧ್ಯತೆ ಹೆಚ್ಚು. ಹೊಸ ಫಿಲ್ಟರ್ ಇದ್ದರೂ ಆ ಹೊತ್ತಿಗೆ ಅದು ಇಲ್ಲದಂತೆಯೇ. ಮೊದಲ ಒಂದೆರಡು ಕಿಲೋಮೀಟರ್ ತಗ್ಗಿದ ಆರ್‌ಪಿಎಂನಲ್ಲೇ ಹೋಗಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಬಿಸಿ ಮಾಡುವುದಕ್ಕಿಂತ ಇದು ಒಳ್ಳೆಯದು.

ಈ ವಾಲ್ವ್ ಎಲ್ಲಿರುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಸ್ಪಿನ್-ಆನ್‌ನಲ್ಲಿ ಹೆಚ್ಚಾಗಿ ಡಬ್ಬಿಯ ಒಳಗೆ. ಕಾರ್ಟ್ರಿಡ್ಜ್‌ನಲ್ಲಿ ಕೆಲವೊಮ್ಮೆ ಉರುಳೆಯ ಮುಚ್ಚಿದ ತುದಿಯಲ್ಲಿ, ಕೆಲವೊಮ್ಮೆ ಎಂಜಿನ್ ಕೇಸಿನಲ್ಲಿ. ಹಳೇ ಜಪಾನೀ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಫಿಲ್ಟರ್ ಹಿಡಿದಿಡುವ ಟೊಳ್ಳು ಬೋಲ್ಟಿನೊಳಗೇ ಅದನ್ನು ಇಟ್ಟಿದ್ದೂ ಉಂಟು. ಉರುಳೆಯಲ್ಲೇ ವಾಲ್ವ್ ಇರಬೇಕಾದ ಗಾಡಿಗೆ ವಾಲ್ವ್ ಇಲ್ಲದ ಅಗ್ಗದ ಫಿಲ್ಟರ್ ಹಾಕಿದರೆ, ಪೇಪರ್ ಕಟ್ಟಿಕೊಂಡ ದಿನ ಆಯಿಲ್‌ಗೆ ಬೇರೆ ದಾರಿಯೇ ಇರುವುದಿಲ್ಲ. ಪೇಪರ್ ಹರಿಯಬೇಕು, ಇಲ್ಲವೇ ಬೇರಿಂಗ್ ಒಣಗಬೇಕು.

ರಿಲೀಫ್ ವಾಲ್ವ್ ಪಂಪಿಗೆ ಸಂಬಂಧಿಸಿದ್ದು. ಇದು ಕೆರೆಯ ಕೋಡಿ ಇದ್ದಂತೆ: ಮಟ್ಟ ಮೀರಿದ್ದು ಹೊರಗೆ ಹರಿದುಹೋಗಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತದೆ. ಆರ್‌ಪಿಎಂ ಏರಿದಷ್ಟೂ ಪಂಪ್ ಹೆಚ್ಚು ಆಯಿಲ್ ತಳ್ಳುತ್ತದೆ. ಬೇರಿಂಗಿನ ಸಂದಿಯಲ್ಲಿ ಅಷ್ಟೂ ಹೋಗುವುದಿಲ್ಲ, ಒತ್ತಡ ಏರುತ್ತದೆ. ಕಂಪನಿ ಹೊಂದಿಸಿದ ಮಿತಿ ಮುಟ್ಟಿದಾಗ, ದೊಡ್ಡ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ 5-6 ಬಾರ್ ಸುಮಾರು, ಒಂದು ಚಿಕ್ಕ ಪ್ಲಂಜರ್ ಸ್ಪ್ರಿಂಗನ್ನು ಅದುಮಿ ಹಿಂದೆ ಸರಿಯುತ್ತದೆ. ಹೆಚ್ಚಾದ ಆಯಿಲ್ ತಳಕ್ಕೆ ವಾಪಸ್. ಇದು ಎಂಜಿನ್ ಒಳಗಿನ ಭಾಗ, ಫಿಲ್ಟರ್ ಜೊತೆ ಬರುವುದಲ್ಲ.

ಸ್ಪಿನ್-ಆನ್ ಡಬ್ಬಿ ಉಬ್ಬಿಕೊಂಡು ರಬ್ಬರ್ ಕಿತ್ತು ಆಯಿಲ್ ಚಿಮ್ಮಿದರೆ ಎಲ್ಲರೂ ಬೈಯುವುದು ಫಿಲ್ಟರ್ ಕಂಪನಿಯನ್ನು. ರಬ್ಬರ್ ಸರಿಯಾಗಿ ಕೂರದೆಯೂ ಆಯಿಲ್ ಚಿಮ್ಮಬಹುದು, ಆದರೆ ತಗಡು ಉಬ್ಬಿದೆ ಎಂದರೆ ರಿಲೀಫ್ ವಾಲ್ವಿನ ಪ್ಲಂಜರ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ ಎಂದು ಅನುಮಾನಿಸಬೇಕು. ಡಬ್ಬಿ ಬದಲಿಸಿದರೆ ಎರಡನೆಯದೂ ಉಬ್ಬುತ್ತದೆ.

ಮೂರನೆಯದು ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್. ಸ್ಪಿನ್-ಆನ್ ಡಬ್ಬಿಯ ಬಾಯಿ ನೋಡಿ: ನಡುವೆ ದಾರ (ತಿರುವಿ ಕೂರಿಸುವ ಸುರುಳಿ ಗೆರೆ) ಇರುವ ದೊಡ್ಡ ತೂತು, ಸುತ್ತ ಆರೇಳು ಚಿಕ್ಕ ತೂತು. ಚಿಕ್ಕವು ಆಯಿಲ್ ಒಳಬರುವ ದಾರಿ, ದೊಡ್ಡದು ಹೊರಹೋಗುವ ದಾರಿ. ಚಿಕ್ಕ ತೂತುಗಳ ಹಿಂದೆ ಕಪ್ಪು ಅಥವಾ ಕಿತ್ತಳೆ ಬಣ್ಣದ ಮೆತ್ತನೆ ರಬ್ಬರ್ ಕಾಣುತ್ತದೆ. ಕಪ್ಪು ಸಾಮಾನ್ಯವಾಗಿ ನೈಟ್ರೈಲ್, ಕಿತ್ತಳೆ ಸಿಲಿಕೋನ್. ಸಿಲಿಕೋನ್ ಬಿಸಿಗೆ ಬೇಗ ಗಟ್ಟಿಯಾಗುವುದಿಲ್ಲ. ಎಂಜಿನ್ ನಿಂತಾಗ ಡಬ್ಬಿಯೊಳಗಿನ ಆಯಿಲ್ ತಳಕ್ಕೆ ಇಳಿಯದಂತೆ ಈ ರಬ್ಬರ್ ಹಿಡಿಯುತ್ತದೆ. ಅದು ಗಟ್ಟಿಯಾದರೆ ರಾತ್ರಿಯಿಡೀ ಡಬ್ಬಿ ಖಾಲಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡ್ ಎಂಜಿನ್ ತಲೆಯಿಂದ ಟಕಟಕ ಸದ್ದು, ಆಯಿಲ್ ಲ್ಯಾಂಪ್ ಆರಲು ತಡ. ಡಬ್ಬಿಯ ಬಾಯಿ ಮೇಲ್ಮುಖವಾಗಿ ಕೂರುವ ಗಾಡಿಗಳಲ್ಲಿ ಈ ರಬ್ಬರಿಗೆ ಕೆಲಸ ಕಡಿಮೆ, ಅಡ್ಡಡ್ಡ ಕೂರುವಲ್ಲಿ ಇದು ಮುಖ್ಯ.

ಫಿಲ್ಟರ್ ಕೊಳ್ಳುವಾಗ

ಮಾದರಿ ಹೆಸರು ಸಾಲದು, ಇಸವಿಯನ್ನೂ ಹೇಳಿ. ಒಂದೇ ಹೆಸರಿನ ಬೈಕಿನ ಹಳೇ ಹೊಸ ಎಂಜಿನ್‌ಗಳಿಗೆ ಫಿಲ್ಟರ್ ಬೇರೆ ಇರುತ್ತದೆ. ಫಿಲ್ಟರ್ ಜೊತೆಗೆ ಕವರಿನ ಓ-ರಿಂಗ್, ಡ್ರೈನ್ ಬೋಲ್ಟಿನ (ಹಳೇ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟಿನ) ವಾಷರ್ ಇವೆರಡನ್ನೂ ತನ್ನಿ. ಕೆಲವು ರೂಪಾಯಿಯ ಮಾಲು ಎಂದು ಬಿಟ್ಟು ಬಂದರೆ ಅರ್ಧ ಕೆಲಸದಲ್ಲಿ ಮತ್ತೆ ಅಂಗಡಿಗೆ ಓಡಬೇಕು.

ಬೆಂಗಳೂರಿನ ಜೆಸಿ ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯವರೆಗೆ ಎಲ್ಲೇ ಕೊಂಡರೂ ಪೆಟ್ಟಿಗೆ ತೆರೆದು ಉರುಳೆ ನೋಡಿ. ಮಡಿಕೆಗಳ ಅಂತರ ಸಮವಾಗಿರಬೇಕು. ಎರಡೂ ತುದಿಯ ಅಂಟು ಪೂರ್ತಿ ಸುತ್ತು ಬಂದಿರಬೇಕು. ನಡುವಿನ ಕೊಳವೆಯನ್ನು ಹೆಬ್ಬೆರಳಿನಿಂದ ಅದುಮಿದರೆ ಬಾಗಬಾರದು. ಬೈಪಾಸ್ ವಾಲ್ವ್ ಇರುವ ಉರುಳೆಯಾದರೆ ಮೊಂಡು ಕಡ್ಡಿಯಿಂದ ಮೆಲ್ಲಗೆ ಒತ್ತಿ: ಒಳಹೋಗಿ ಟಕ್ಕೆಂದು ವಾಪಸ್ ಬರಬೇಕು. ಸೊಟ್ಟಗೆ ನಿಂತರೆ ಆ ಫಿಲ್ಟರ್ ಬೇಡ.

ಅನೇಕ ಜಪಾನೀ ಬೈಕುಗಳ ಸ್ಪಿನ್-ಆನ್ ದಾರ 20 ಎಂಎಂ, ಪಿಚ್ (ಎಳೆಯಿಂದ ಎಳೆಗೆ ಅಂತರ) 1.5 ಎಂಎಂ. ಕೆಲವು ಕಾರುಗಳದ್ದೂ ಅದೇ. ಹಾಗಾಗಿ ಕಾರಿನ ಡಬ್ಬಿ ಬೈಕಿಗೆ ಸಲೀಸಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಬೈಪಾಸ್ ತೆರೆಯುವ ಒತ್ತಡ, ರಬ್ಬರಿನ ವ್ಯಾಸ, ಡಬ್ಬಿಯ ಉದ್ದ ಹೊಂದುತ್ತವೆ ಎಂದಲ್ಲ. ಉಳಿಯುವ ನೂರಿನ್ನೂರು ರೂಪಾಯಿಗೆ ಇದು ಒಳ್ಳೇ ವ್ಯಾಪಾರವಲ್ಲ.

ಬದಲಿಸುವ ಕ್ರಮ

1. ಎಂಜಿನನ್ನು ಮೂರರಿಂದ ಐದು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಿದ್ದರೆ ತೇಲುವ ಕಸದ ಜೊತೆಗೇ ಇಳಿಯುತ್ತದೆ. ದೂರ ಹೋಗಿ ಬಂದ ಕೂಡಲೇ ಬಿಚ್ಚಬೇಡಿ, ಕೈ ಸುಡುತ್ತದೆ. ಗಾಡಿ ಸಮನೆಲದಲ್ಲಿ, ಸಾಧ್ಯವಾದರೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಲಿ.

2. ಮೊದಲು ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ, ಆಮೇಲೆ ಕೆಳಗೆ ಬಾಣಲೆ ಇಟ್ಟು ಡ್ರೈನ್ ಬೋಲ್ಟ್. ಕೆಲವು ಗಾಡಿಗಳಲ್ಲಿ ಕೆಳಗಿನ ದೊಡ್ಡ ಮುಚ್ಚಳದ ಹಿಂದೆ ಸ್ಪ್ರಿಂಗ್, ಜಾಲರಿ ಇರುತ್ತವೆ. ಮುಚ್ಚಳ ಬಿಡುವಾಗ ಅವು ಆಯಿಲ್ ಜೊತೆ ಬಾಣಲೆಗೆ ಬೀಳುತ್ತವೆ, ಹುಡುಕಿ ತೆಗೆದಿಡಿ. ಜಾಲರಿಯನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಬಟ್ಟೆಯಿಂದ ಉಜ್ಜಿದರೆ ನೂಲು ಸಿಕ್ಕಿಕೊಳ್ಳುತ್ತದೆ.

3. ಫಿಲ್ಟರ್ ಕವರಿನ ಕೆಳಗೆ ಬಾಣಲೆ ಸರಿಸಿ. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬೇಡಿ, ಸರದಿಯಲ್ಲಿ ಅರ್ಧರ್ಧ ಸುತ್ತು ಸಡಿಲಿಸಿ. ಉದ್ದ ಬೇರೆಬೇರೆ ಇದ್ದರೆ ಯಾವುದು ಯಾವ ತೂತಿನದು ಎಂದು ರಟ್ಟಿನ ಮೇಲೆ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುವಿದರೆ ಅಲ್ಯುಮಿನಿಯಂ ಕೇಸ್ ಸೀಳುತ್ತದೆ.

4. ಕವರ್ ತೆಗೆದ ಕೂಡಲೇ, ಏನನ್ನೂ ಮುಟ್ಟುವ ಮುಂಚೆ ಫೋಟೋ ತೆಗೆಯಿರಿ. ಸ್ಪ್ರಿಂಗ್ ಕವರಿನ ಕಡೆಗಿತ್ತೋ ಎಂಜಿನ್ ಕಡೆಗಿತ್ತೋ, ಉರುಳೆಯ ತೆರೆದ ಬಾಯಿ ಯಾವ ಕಡೆಗಿತ್ತು, ವಾಷರ್ ಇತ್ತೇ, ಎಲ್ಲ ಫೋಟೋದಲ್ಲಿ ಇರಲಿ.

5. ಹಳೇ ಓ-ರಿಂಗ್ ಕೈಗೆ ಬಂತೇ ನೋಡಿ. ಬರದಿದ್ದರೆ ಅದು ಕವರಿನ ಕಾಲುವೆಯಲ್ಲೋ ಎಂಜಿನ್ ಮೈಗೋ ಅಂಟಿಕೊಂಡಿದೆ. ಸ್ಪಿನ್-ಆನ್‌ನಲ್ಲೂ ಇದೇ ಅಪಾಯ: ಹಳೇ ರಬ್ಬರ್ ಎಂಜಿನ್‌ಗೇ ಅಂಟಿಕೊಂಡು ಅದರ ಮೇಲೆ ಹೊಸ ಡಬ್ಬಿ ಕೂತರೆ, ಮೊದಲಿಗೆ ಏನೂ ತಿಳಿಯುವುದಿಲ್ಲ. ಆರ್‌ಪಿಎಂ ಏರಿದಾಗ ರಬ್ಬರ್ ಜಾರಿ ಆಯಿಲ್ ಪೂರ್ತಿ ಹಿಂದಿನ ಚಕ್ರದ ಮೇಲೆ ಸುರಿಯುತ್ತದೆ. ಎಂಜಿನ್ ಜೊತೆ ಸವಾರನೂ ಬೀಳುವ ತಪ್ಪಿದು.

6. ಗೂಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಹೊಸ ಓ-ರಿಂಗಿಗೆ ಹೊಸ ಆಯಿಲ್ ಸವರಿ ಕಾಲುವೆಯಲ್ಲಿ ಕೂರಿಸಿ. ಒಣ ರಬ್ಬರ್ ಬಿಗಿಯುವಾಗ ಮುರುಟಿಕೊಳ್ಳುತ್ತದೆ.

7. ಉರುಳೆಯನ್ನು ಫೋಟೋದಲ್ಲಿದ್ದಂತೆಯೇ ಕೂರಿಸಿ. ಇಲ್ಲಿ ಅಂದಾಜು ನಡೆಯುವುದಿಲ್ಲ. ಸುಜುಕಿ ಡಿಆರ್-ಝಡ್ 400ರಲ್ಲಿ ಉರುಳೆಯ ತೆರೆದ ಬಾಯಿ ಎಂಜಿನ್ ಕಡೆಗೆ, ಸ್ಪ್ರಿಂಗ್ ಕವರಿನ ಕಡೆಗೆ. ಹೋಂಡಾದ ಸಿಆರ್‌ಎಫ್ 450ರಲ್ಲಿ ತದ್ವಿರುದ್ಧ: ಸ್ಪ್ರಿಂಗ್ ಒಳಗೆ, ರಬ್ಬರ್ ಬಾಯಿ ಹೊರಗೆ, 'ಔಟ್ ಸೈಡ್' ಎಂಬ ಗುರುತು ನಮ್ಮ ಕಡೆಗೆ. ಸೋಸಿದ ಆಯಿಲ್ ಎಂಜಿನ್ ಕೇಸಿಗೆ ನೇರ ಹೋಗುತ್ತದೋ ಕವರಿನ ಮೂಲಕ ಸುತ್ತಿ ಹೋಗುತ್ತದೋ ಎಂಬುದರ ಮೇಲೆ ಬಾಯಿಯ ದಿಕ್ಕು ನಿಂತಿದೆ. ತಿರುಗಿ ಕೂತರೆ ಮುಚ್ಚಿದ ತುದಿ ಆಯಿಲ್ ಹೋಗುವ ತೂತಿಗೆ ಅಡ್ಡ ನಿಲ್ಲಬಹುದು, ಇಲ್ಲವೇ ರಬ್ಬರ್ ಬಾಯಿ ಹಿಡಿತ ಸಿಗದೆ ಸೋಸದ ಆಯಿಲ್ ನುಗ್ಗಬಹುದು. ಸ್ಪ್ರಿಂಗ್ ಮರೆತರೂ ಫಲ ಎರಡನೆಯದೇ: ಉರುಳೆ ಗೂಡಿನಲ್ಲಿ ಅಲ್ಲಾಡುತ್ತದೆ, ಬಾಯಿ ಒತ್ತಿ ಕೂರುವುದಿಲ್ಲ.

8. ಕವರ್ ಕೈಯಲ್ಲೇ ಒತ್ತಿದಾಗ ಸ್ಪ್ರಿಂಗಿನ ಮೆದು ಎದುರೊತ್ತಡ ಸಿಗಬೇಕು. ಏನೂ ಎದುರೊತ್ತಡವಿಲ್ಲದೆ ಕೂತರೆ ಸ್ಪ್ರಿಂಗ್ ಇಲ್ಲ. ಬೆರಳಗಲ ಎದ್ದೇ ನಿಂತರೆ ಒಳಗೆ ಏನೋ ಸೊಟ್ಟಗಿದೆ, ಬೋಲ್ಟ್ ಬಿಗಿದು ಎಳೆಯಬೇಡಿ. 6 ಎಂಎಂ ದಾರದ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು, ಅಂದರೆ ಚಿಕ್ಕ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ಬಿಗಿದಷ್ಟು. ಸ್ಪಿನ್-ಆನ್ ಆದರೆ ರಬ್ಬರಿಗೆ ಹೊಸ ಆಯಿಲ್ ಸವರಿ, ರಬ್ಬರ್ ಎಂಜಿನ್ ಮುಟ್ಟುವವರೆಗೆ ಕೈಯಲ್ಲಿ ತಿರುವಿ, ಅಲ್ಲಿಂದ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಫಿಲ್ಟರ್ ರೆಂಚ್ ಇರುವುದು ಬಿಚ್ಚಲು, ಬಿಗಿಯಲು ಅಲ್ಲ.

9. ಡ್ರೈನ್ ಬೋಲ್ಟನ್ನು ಹೊಸ ವಾಷರ್ ಜೊತೆ ಹಾಕಿ. 12 ಎಂಎಂ ದಾರಕ್ಕೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್. ಸೋರುತ್ತದೆಂಬ ಭಯಕ್ಕೆ ಕಾಲಲ್ಲಿ ಒತ್ತಿ ಬಿಗಿದವರ ಗಾಡಿಗಳೇ ಆಮೇಲೆ ದಾರ ಹೋಗಿ ಲೇಥ್ ಅಂಗಡಿಗೆ ಬರುವುದು.

10. ಮ್ಯಾನುಯಲ್‌ನಲ್ಲಿ ಆಯಿಲ್ ಪ್ರಮಾಣಕ್ಕೆ ಎರಡು ಮೂರು ಅಂಕಿ ಇರುತ್ತವೆ: ಆಯಿಲ್ ಮಾತ್ರ ಬದಲಿಸಿದಾಗ, ಫಿಲ್ಟರ್ ಸಮೇತ, ಎಂಜಿನ್ ಪೂರ್ತಿ ಬಿಚ್ಚಿದಾಗ. ನಿಮಗೆ ಬೇಕಾದ್ದು ನಡುವಿನದು. ಅದಕ್ಕಿಂತ 100 ಮಿಲಿ ಕಡಿಮೆ ಸುರಿದು ನಿಲ್ಲಿಸಿ.

11. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಕಿಕ್ ಇರುವ ಗಾಡಿಯಾದರೆ ಮೊದಲು ಕಿಲ್ ಸ್ವಿಚ್ ಅಥವಾ ಇಗ್ನಿಷನ್ ಆಫ್ ಇಟ್ಟು ಹತ್ತು ಹನ್ನೆರಡು ಕಿಕ್ ಹೊಡೆದರೆ ಖಾಲಿ ಗೂಡು ತುಂಬಿಕೊಳ್ಳುತ್ತದೆ. ಆಯಿಲ್ ಲ್ಯಾಂಪ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ಎಂಜಿನ್ ನಿಲ್ಲಿಸಿ ಮತ್ತೆ ಬಿಚ್ಚಿ. ಲ್ಯಾಂಪ್ ಇಲ್ಲದ ಗಾಡಿಗಳಲ್ಲಿ ಎಂಜಿನ್ ತಲೆಗೆ ಹೋಗುವ ಆಯಿಲ್ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ ಐಡಲ್‌ನಲ್ಲಿ ಜಿನುಗುತ್ತದೆಯೇ ನೋಡುವುದು ಹಳೇ ಉಪಾಯ, ಈಗಲೂ ಸರಿಯೇ.

12. ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಮಟ್ಟ ನೋಡಿ. ಫಿಲ್ಟರ್ ತನ್ನ ಪಾಲು ಕುಡಿದಿರುತ್ತದೆ, ಈಗ ಉಳಿದದ್ದು ಸುರಿಯಿರಿ. ಹೋಂಡಾ, ಹೀರೋ ಗಾಡಿಗಳ ಅಳತೆಕಡ್ಡಿಯನ್ನು ದಾರ ತಿರುವದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುವಿ ನೋಡಿದರೆ ಮಟ್ಟ ಹೆಚ್ಚು ತೋರಿಸಿ, ನೀವು ಕಡಿಮೆ ಸುರಿಯುತ್ತೀರಿ.

ಹಳೇ ಫಿಲ್ಟರನ್ನು ಎಸೆಯುವ ಮುಂಚೆ

ಉರುಳೆಯ ಪೇಪರನ್ನು ಬ್ಲೇಡಿನಿಂದ ಎರಡೂ ತುದಿಯಲ್ಲಿ ಕತ್ತರಿಸಿ, ಹಿಂಡಿ, ಹಾಳೆಯಂತೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಡಿಕೆಯ ಆಳದಲ್ಲಿ ಬೂದು ಮಿನುಗು ಕಂಡರೆ ಗಾಬರಿ ಬೇಡ, ಗೇರ್ ಸವೆತದ ಪುಡಿ ಅದು. ಡ್ರೈನ್ ಬೋಲ್ಟಿನ ಅಯಸ್ಕಾಂತದ ಮೇಲೆ ಮೂಡುವ ಕಪ್ಪುಬೂದು ಕೆಸರೂ ಅಷ್ಟೇ. ಕಪ್ಪು ನಾರಿನಂಥ ಚೂರು ಕ್ಲಚ್ ಪ್ಲೇಟಿನದು. ಅಯಸ್ಕಾಂತಕ್ಕೆ ಅಂಟುವ, ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಬಂದರೆ ಗೇರ್ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಅಂಟದ ಬೆಳ್ಳಗಿನ ಚಕ್ಕೆ ಅಲ್ಯುಮಿನಿಯಂ: ಪಿಸ್ಟನ್ ಅಥವಾ ಕೇಸ್. ತಾಮ್ರದ ಬಣ್ಣ ಕಂಡರೆ ಬುಷ್ ಅಥವಾ ಬೇರಿಂಗ್ ಪದರ ಕಿತ್ತುಬರುತ್ತಿದೆ, ಗಾಡಿ ಓಡಿಸುವುದನ್ನು ನಿಲ್ಲಿಸಿ. ಸಾಸಿವೆಯಷ್ಟು ರಬ್ಬರಿನಂಥ ಉಂಡೆಗಳು ಸಿಕ್ಕರೆ ಹಿಂದೆ ಯಾರೋ ಗ್ಯಾಸ್ಕೆಟ್ ಜೊತೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿದಿದ್ದಾರೆ. ಪೇಪರಿಗಿಂತ ಮುಂಚೆ ತಳದ ಜಾಲರಿಯನ್ನು ಕಟ್ಟುವುದು ಇದೇ.

ಪೇಪರಿನ ಮಡಿಕೆಗಳು ಒಳಮುಖವಾಗಿ ಕುಸಿದು ಕೊಳವೆಗೆ ಅಂಟಿದ್ದರೆ, ಆ ಫಿಲ್ಟರ್ ಬಹುಕಾಲ ಕಟ್ಟಿಕೊಂಡಿದ್ದು ಬೈಪಾಸ್ ಬೇಗ ತೆರೆದಿಲ್ಲ ಎಂದರ್ಥ. ಮುಂದಿನ ಸಲ ಅಂತರ ಕಡಿಮೆ ಮಾಡಿ.

ಲ್ಯಾಂಪ್ ಮಿನುಗಿದಾಗ

ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಲ್ಯಾಂಪ್ ಮಿನುಗಿದರೆ ಮೊದಲು ಮಟ್ಟ, ಆಮೇಲೆ ಆಯಿಲ್ ದರ್ಜೆ ನೋಡಿ. ಎರಡೂ ಸರಿಯಿದ್ದರೆ ರಿಲೀಫ್ ವಾಲ್ವಿನ ಕೆಳಗೆ ಕಸ ಸಿಕ್ಕಿ ಅದು ಅರ್ಧ ತೆರೆದೇ ಉಳಿದಿರಬಹುದು. ಪ್ಲಂಜರನ್ನು ತೆಗೆದು ತೊಳೆದು, ಗೀರು ಬಿದ್ದಿದೆಯೇ ನೋಡಿ, ಆಯಿಲ್ ಹಚ್ಚಿ ಅದರ ತೂತಿನಲ್ಲಿ ಬಿಟ್ಟರೆ ಸ್ವಂತ ತೂಕಕ್ಕೆ ಜಾರಬೇಕು. ಅದೂ ಸರಿಯಿದ್ದರೆ ಉಳಿದದ್ದು ಪಂಪ್ ಅಥವಾ ಬೇರಿಂಗ್ ಸವೆತ. ಫಿಲ್ಟರ್ ಬದಲಿಸಿ ಇದನ್ನು ಸರಿಪಡಿಸಲಾಗದು, ಗೇಜ್ ಕಟ್ಟಿ ಒತ್ತಡ ಅಳೆಯಲೇಬೇಕು. ಲ್ಯಾಂಪ್ ಆರಿದೆ ಎಂದ ಮಾತ್ರಕ್ಕೆ ಒತ್ತಡ ಚೆನ್ನಾಗಿದೆ ಎಂದೂ ಅಲ್ಲ. ಆ ಸ್ವಿಚ್ ಸಾಮಾನ್ಯವಾಗಿ ಅರ್ಧ ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ಹೊತ್ತಿಕೊಳ್ಳುತ್ತದೆ.

ಬಾಣಲೆಯ ಹಳೇ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಖಾಲಿ ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ಕೂಡಿಟ್ಟು ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು ಅದರ ಜೊತೆಗೇ ಕಳಿಸಿ. ಮರುದಿನ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಕವರಿನ ಅಂಚಿಗೆ, ಡ್ರೈನ್ ಬೋಲ್ಟಿನ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಕಲೆ ಬಿದ್ದರೆ ಇನ್ನಷ್ಟು ಬಿಗಿಯಲು ಹೋಗಬೇಡಿ, ಓ-ರಿಂಗನ್ನೋ ವಾಷರನ್ನೋ ಬಿಚ್ಚಿ ಮತ್ತೆ ಕೂರಿಸಿ.